ಉಪಗ್ರಹ ಚಿತ್ರದಲ್ಲಿ ಬೆಳೆ ನೋಡುವ ಮುನ್ನ ಅಂಕಿ ಸರಿಮಾಡಿಕೊಳ್ಳಿ

ಭದ್ರಾ ಅಚ್ಚುಕಟ್ಟಿನ ಭತ್ತ, ಜಗಳೂರು ಕಡೆಯ ಮೆಕ್ಕೆಜೋಳ ಎಷ್ಟು ಹಸಿರಾಗಿದೆ ಎಂದು ತಿಳಿಯಲು ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ ಇಳಿಸಿಕೊಂಡು, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನೇರವಾಗಿ ಎನ್‌ಡಿವಿಐ ತೆಗೆಯುವವರಿದ್ದಾರೆ. (ಎನ್‌ಡಿವಿಐ ಎಂದರೆ ಹಸಿರಿನ ಸೂಚ್ಯಂಕ: ನಿಯರ್ ಇನ್‌ಫ್ರಾರೆಡ್ ಅಂಕಿಯಿಂದ ಕೆಂಪಿನ ಅಂಕಿ ಕಳೆದು, ಎರಡರ ಮೊತ್ತದಿಂದ ಭಾಗಿಸಿದ್ದು.) ನಕ್ಷೆ ಚೆನ್ನಾಗಿಯೇ ಬರುತ್ತದೆ, ಅಂಕಿ ಮಾತ್ರ ತಪ್ಪಿರುತ್ತದೆ.

ಗದ್ದೆಯ ಒಂದು ಪಿಕ್ಸೆಲ್‌ನಲ್ಲಿ (ಚಿತ್ರದ ಒಂದು ಚೌಕದಲ್ಲಿ) ಕೆಂಪು ಬೆಳಕಿನ ಪದರ, ಅಂದರೆ ಬ್ಯಾಂಡ್ 4, 9000, ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕಿನ ಬ್ಯಾಂಡ್ 5 16000 ಇದೆ ಎನ್ನಿ. ಕಚ್ಚಾ ಅಂಕಿಯಲ್ಲೇ ಲೆಕ್ಕ ಹಾಕಿದರೆ ಎನ್‌ಡಿವಿಐ 0.28. ಪ್ರತಿಫಲನಕ್ಕೆ (ಬಿದ್ದ ಬೆಳಕಿನಲ್ಲಿ ಹಿಂದಿರುಗಿದ ಪಾಲಿಗೆ) ಬದಲಿಸಿದರೆ, ಸೂರ್ಯನ ಕೋನ ಸರಿಪಡಿಸುವ ಮುನ್ನ, ಅವೇ ಅಂಕಿಗಳು 0.08 ಮತ್ತು 0.22 ಆಗಿ, ಎನ್‌ಡಿವಿಐ 0.47 ಬರುತ್ತದೆ. ಲ್ಯಾಂಡ್‌ಸ್ಯಾಟ್ 8, 9ರ ಲೆವೆಲ್-1 ಚಿತ್ರದ ಕಚ್ಚಾ ಅಂಕಿಯಲ್ಲಿ ಸೊನ್ನೆ ಬೆಳಕು ಎಂದರೆ 5000. ಅದನ್ನು ಕಳೆಯದೆ ಭಾಗಿಸಿದ್ದೇ ಎಡವಟ್ಟು.

ಮೊದಲು ಫೈಲ್ ಹೆಸರು ನೋಡಿ. ಎಲ್1ಟಿಪಿ (L1TP) ಎಂದಿದ್ದರೆ ವಾತಾವರಣದ ಪರಿಣಾಮ ಕಳೆಯದ ಲೆವೆಲ್-1, ಎಲ್2ಎಸ್‌ಪಿ (L2SP) ಎಂದಿದ್ದರೆ ವಾತಾವರಣದ ಪರಿಣಾಮವನ್ನೂ ಕಳೆದ ಲೆವೆಲ್-2. ಬೇರೆ ಬೇರೆ ದಿನಾಂಕದ ಚಿತ್ರ ಹೋಲಿಸುವವರು ಲೆವೆಲ್-2 ತೆಗೆದುಕೊಳ್ಳುವುದೇ ಲೇಸು.

ಚಿತ್ರದ ಸುತ್ತಲಿನ ಖಾಲಿ ಅಂಚಿನಲ್ಲಿ ಅಂಕಿ 0 ಇರುತ್ತದೆ. ಕ್ಯೂಜಿಐಎಸ್‌ನ ಟ್ರಾನ್ಸ್‌ಲೇಟ್ ಸಾಧನದಲ್ಲಿ ನೋಡೇಟಾ (NoData, ಮಾಹಿತಿ ಇಲ್ಲದ ಜಾಗದ ಅಂಕಿ) 0 ಎಂದು ಕೊಟ್ಟು ಹೊಸ ಫೈಲ್ ಮಾಡಿ. ಇಲ್ಲದಿದ್ದರೆ ಅಂಚೆಲ್ಲ ಋಣ ಸಂಖ್ಯೆಯಾಗಿ ಸರಾಸರಿ ಕೆಡುತ್ತದೆ.

ಇನ್ನು ಪಿಕ್ಸೆಲ್‌ಗಳ ಮೇಲೆ ಲೆಕ್ಕ ಮಾಡುವ ರಾಸ್ಟರ್ ಕ್ಯಾಲ್ಕ್ಯುಲೇಟರ್. ಲೆವೆಲ್-2 ಆದರೆ ಬ್ಯಾಂಡ್ ಅಂಕಿಯನ್ನು 0.0000275ರಿಂದ ಗುಣಿಸಿ 0.2 ಕಳೆಯಿರಿ, ಮುಗಿಯಿತು. ಲೆವೆಲ್-1 ಆದರೆ 0.00002ರಿಂದ ಗುಣಿಸಿ 0.1 ಕಳೆದು, ಸೂರ್ಯನ ಎತ್ತರದ ಕೋನದ ಸೈನ್‌ನಿಂದ ಭಾಗಿಸಬೇಕು. ಕೋನ ಚಿತ್ರದ ಜೊತೆ ಬರುವ ಎಂಟಿಎಲ್ (MTL) ಎಂಬ ವಿವರದ ಫೈಲಿನಲ್ಲಿ ಡಿಗ್ರಿಯಲ್ಲಿರುತ್ತದೆ, ಆದರೆ ಕ್ಯಾಲ್ಕ್ಯುಲೇಟರ್ ಕೇಳುವುದು ರೇಡಿಯನ್. ಆದ್ದರಿಂದ 0.0174533ರಿಂದ ಗುಣಿಸಿಯೇ ಸೈನ್ ಒಳಗೆ ಹಾಕಿ. ಮರೆತರೆ 50 ಡಿಗ್ರಿಗೆ 0.77 ಬರಬೇಕಾದಲ್ಲಿ −0.26 ಬರುತ್ತದೆ, ತಪ್ಪು ತಕ್ಷಣ ಗೊತ್ತಾಗುತ್ತದೆ. 58 ಡಿಗ್ರಿಯಲ್ಲಿ ಅಪಾಯ ಹೆಚ್ಚು: 0.85ರ ಬದಲು 0.99 ಬಂದು ಪ್ರತಿಫಲನ ಶೇ 15ರಷ್ಟು ಕುಸಿದಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. (ಎನ್‌ಡಿವಿಐನಲ್ಲಿ ಈ ಸೈನ್ ಮೇಲೆ ಕೆಳಗೆ ಹೊಡೆದುಹೋಗುತ್ತದೆ. ಬ್ಯಾಂಡ್‌ಗಳನ್ನು ಒಂದೊಂದಾಗಿ ಹೋಲಿಸುವವರಿಗೇ ಪೆಟ್ಟು.)

ಮೋಡ ತೆಗೆಯಲು ಚಿತ್ರದ ಜೊತೆಗೇ ಬರುವ ಕ್ಯೂಎ ಪಿಕ್ಸೆಲ್ (QA_PIXEL) ಎಂಬ ಗುಣಮಟ್ಟದ ಪದರ ಬಳಸಿ. ಅದರಲ್ಲಿ 21824 ಎಂದರೆ ಸ್ವಚ್ಛ ನೆಲ, 21952 ಸ್ವಚ್ಛ ನೀರು. ಇವೆರಡನ್ನು ಉಳಿಸಿಕೊಂಡರೆ ಸಾಕು.

ಪರೀಕ್ಷೆಯನ್ನು ಬೆಳೆಯ ಮೇಲೆ ಮಾಡಬೇಡಿ, ನೀರಿನ ಮೇಲೆ ಮಾಡಿ. ಲೆವೆಲ್-2 ಚಿತ್ರಕ್ಕೆ ಅಪ್ಪಿತಪ್ಪಿ ಲೆವೆಲ್-1ರ ಸೂತ್ರ ಹಾಕಿದಿರಿ, ಕೋನ 58 ಡಿಗ್ರಿ ಎಂದುಕೊಳ್ಳಿ. ದಟ್ಟ ಬೆಳೆಯ 20000 ಎಂಬ ಅಂಕಿ ಎರಡೂ ಸೂತ್ರದಲ್ಲಿ 0.35 ಕೊಡುತ್ತದೆ. ನೀರಿನ 8400 ಮಾತ್ರ 0.03ರ ಬದಲು 0.08 ಆಗಿ ಕಳ್ಳತನ ಬಯಲಾಗುತ್ತದೆ. ಹಿರಿಯೂರಿನ ವಾಣಿ ವಿಲಾಸ ಸಾಗರದ ನಡುಭಾಗದ ಆಳದ ನೀರಿನಲ್ಲಿ ಹತ್ತಾರು ಪಿಕ್ಸೆಲ್ ನೋಡಿ: ಬ್ಯಾಂಡ್ 5 ಸಾಮಾನ್ಯವಾಗಿ 0.05ಕ್ಕಿಂತ ಕೆಳಗಿರಬೇಕು. ಚನ್ನಗಿರಿಯ ಶಾಂತಿಸಾಗರದಲ್ಲಿ ನೋಡುವವರು ದಡ ಬಿಟ್ಟು ಒಳಗೆ ಹೋಗಿ. ದಡದ ಕೆಸರು, ಜೊಂಡು ಬೆಳಕನ್ನು ಹೆಚ್ಚು ಹಿಂದಿರುಗಿಸಿ ದಾರಿ ತಪ್ಪಿಸುತ್ತವೆ. ಅಲ್ಲೊಂದು ಇಲ್ಲೊಂದು ಪಿಕ್ಸೆಲ್ 1 ದಾಟಿದರೆ ಗಾಬರಿ ಬೇಡ, ಅದು ಮೋಡವೋ ಹೊಳೆಯುವ ತಗಡಿನ ಚಾವಣಿಯೋ ಆಗಿರುತ್ತದೆ.

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಬಳಸುವವರಿಗೆ ಸೂತ್ರವೇ ಬೇರೆ. 2022ರ ಜನವರಿ 25ರಿಂದ ಬಂದ 04.00 ಮತ್ತು ಅದರ ನಂತರದ ಸಂಸ್ಕರಣಾ ಆವೃತ್ತಿಯ ಚಿತ್ರಗಳಲ್ಲಿ 1000 ಕಳೆದು 10000ದಿಂದ ಭಾಗಿಸಬೇಕು, ಹಳೆಯ ಆವೃತ್ತಿಯಾದರೆ ಬರೀ ಭಾಗಾಕಾರ. 2021 ಮತ್ತು 2022ರ ಬೆಳೆ ಹೋಲಿಸುವಾಗ ಇದನ್ನು ಬಿಟ್ಟರೆ ಪ್ರತಿ ಬ್ಯಾಂಡಿಗೂ 0.1 ಸೇರಿ, ಚೆನ್ನಾಗಿರುವ ಬೆಳೆಯ ಎನ್‌ಡಿವಿಐ ಕೂಡ ಇಳಿದಂತೆ ಕಾಣುತ್ತದೆ.