ಹೊರಗಿನ ಎಸ್‌ಎಸ್‌ಡಿಯಲ್ಲಿ ಪೋಸ್ಟ್‌ಗ್ರೆಸ್ ಪದೇ ಪದೇ ಬೀಳುತ್ತಿದ್ದಾಗ ನಾನು ನೋಡಿದ್ದು, ಮಾಡಿದ್ದು

ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಯುಎಸ್‌ಬಿ ಡಬ್ಬಿಯೊಳಗೆ ಸಾಟಾ ಎಸ್‌ಎಸ್‌ಡಿ, ಅದರ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಬ್ಯಾಕಪ್ ಓಡುವಾಗಲೇ ಸರ್ವರ್ ಬೀಳುತ್ತಿತ್ತು. ಲಾಗ್‌ನ ಕೊನೆಯ ಸಾಲು: 'ಪ್ಯಾನಿಕ್: ಕುಡ್ ನಾಟ್ ಎಫ್‌ಸಿಂಕ್ ಫೈಲ್'.

ಇದನ್ನು ಕಂಡು ಡೇಟಾಬೇಸ್ ಸೆಟ್ಟಿಂಗ್ ತಿದ್ದಲು ಹೋಗಬೇಡಿ. ಎಫ್‌ಸಿಂಕ್ (ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಬರೆಸುವ ಕರೆ) ಒಮ್ಮೆ ವಿಫಲವಾದರೆ, ಡಿಸ್ಕ್ ಮುಟ್ಟದ ಪುಟವನ್ನೂ ಲಿನಕ್ಸ್ 'ಬರೆದಾಯಿತು' ಎಂದು ಗುರುತು ಹಾಕಿಬಿಡಬಹುದು. ಮತ್ತೆ ಕೇಳಿದರೆ ಎಲ್ಲ ಸರಿ ಎನ್ನುತ್ತದೆ. ಅದಕ್ಕೇ ಪೋಸ್ಟ್‌ಗ್ರೆಸ್ ತಾನಾಗಿ ನಿಂತು, ವಾಲ್‌ನಿಂದ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಡೇಟಾ ಮರಳಿ ಕಟ್ಟಿಕೊಳ್ಳುತ್ತದೆ. ಎಫ್‌ಸಿಂಕ್ ಮತ್ತೆ ಪ್ರಯತ್ನಿಸುವ ಸೆಟ್ಟಿಂಗ್ 'ಡೇಟಾ_ಸಿಂಕ್_ರಿಟ್ರೈ' ಆನ್ ಮಾಡಿದರೆ ಬೀಳುವುದು ನಿಲ್ಲಬಹುದು, ಆದರೆ ಡೇಟಾ ಸದ್ದಿಲ್ಲದೆ ಕೆಡಬಹುದು. ಅದಕ್ಕಿಂತ ಬೀಳುವುದೇ ವಾಸಿ.

ಉತ್ತರ ಇದ್ದದ್ದು ಕರ್ನಲ್ (ಲಿನಕ್ಸ್‌ನ ತಿರುಳು) ಲಾಗ್‌ನಲ್ಲಿ. ಪ್ಯಾನಿಕ್‌ಗೆ ಮುಂಚಿನ ಸಾಲುಗಳಲ್ಲಿ ಯುಎಎಸ್ (ಯುಎಸ್‌ಬಿ ಡಿಸ್ಕ್ ಜೊತೆ ಮಾತಾಡುವ ವೇಗದ ವಿಧಾನ) ಅಬಾರ್ಟ್, ಯುಎಸ್‌ಬಿ ರೀಸೆಟ್, ಐ/ಓ ಎರರ್, ಕೊನೆಗೆ ಎಕ್ಸ್‌ಟಿ4 ಫೈಲ್ ಸಿಸ್ಟಮ್ ರೀಡ್-ಓನ್ಲಿ (ಓದಲು ಮಾತ್ರ). ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿ ಮಾತ್ರ ಚೊಕ್ಕಟ. ಅದರಲ್ಲಿನ ಸಿಆರ್‌ಸಿ (ಡೇಟಾ ಸಾಗಣೆಯ ದೋಷ) ಎಣಿಕೆ ಡಬ್ಬಿಯೊಳಗಿನ ಸಾಟಾ ಕೊಂಡಿಯದ್ದು; ಯುಎಸ್‌ಬಿ ಕೇಬಲ್ಲಿನ ದೋಷ ಅಲ್ಲಿ ಕಾಣುವುದಿಲ್ಲ.

ಮೊದಲು ಪೋಸ್ಟ್‌ಗ್ರೆಸ್ ನಿಲ್ಲಿಸಿ ಡೇಟಾ ಫೋಲ್ಡರನ್ನು ಇಡಿಯಾಗಿ ಬೇರೆ ಡಿಸ್ಕ್‌ಗೆ ನಕಲು ಮಾಡಿದೆ. ಫೈಲ್ ಸಿಸ್ಟಮ್ ದುರಸ್ತಿ ಮಾಡುವ ಎಫ್‌ಎಸ್‌ಸಿಕೆ ಓಡಿಸಿದ್ದು ಅದಾದ ಮೇಲೆ, ಡಿಸ್ಕ್ ಅನ್‌ಮೌಂಟ್ ಮಾಡಿ. 'ಪಿಜಿ_ರೀಸೆಟ್‌ವಾಲ್' ಆದೇಶದ ಹತ್ತಿರ ಸುಳಿಯಲೇಬೇಡಿ. ಡೇಟಾ ಉಳಿಸುವ ವಾಲನ್ನೇ ಅದು ಎಸೆಯುತ್ತದೆ.

ಆಮೇಲೆ ಕರೆಂಟ್. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳಿಗೆ ಸೇರಿ ಸಿಗುವುದು 1.2 ಆಂಪಿಯರ್. ಥ್ರಾಟಲ್ (ವೇಗ ತಗ್ಗಿಸುವಿಕೆ) ಪರೀಕ್ಷೆಯ ಆದೇಶ ಕೊಟ್ಟಾಗ '0ಎಕ್ಸ್50000' ಬಂದರೆ ಬೂಟ್ ಆದಮೇಲೆ ಎಂದೋ ವೋಲ್ಟೇಜ್ ಕುಸಿದಿತ್ತೆಂದು ಅರ್ಥ. ಸ್ವಂತ ಅಡಾಪ್ಟರ್ ಇರುವ ಹಬ್ ಮತ್ತು ಗಿಡ್ಡ ಕೇಬಲ್ ಹಾಕಿದೆ. ಬೀಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ.

ಉಳಿದದ್ದು ಯುಎಸ್‌ಬಿ ಮತ್ತು ಸಾಟಾ ನಡುವೆ ಅನುವಾದಿಸುವ, ಡಬ್ಬಿಯ ಬ್ರಿಜ್ ಚಿಪ್. ಯುಎಎಸ್‌ನಲ್ಲಿ ಅನೇಕ ಆದೇಶ ಒಟ್ಟಿಗೆ ಹೋಗುತ್ತವೆ. ಕೆಲವು ಚಿಪ್‌ಗಳು ಆ ಹೊರೆಯಲ್ಲಿ ತೊದಲುತ್ತವೆ. ಯುಎಎಸ್ ಬಳಸದಂತೆ ಮಾಡಲು, ಎಲ್‌ಎಸ್‌ಯುಎಸ್‌ಬಿ ಆದೇಶ ತೋರಿಸುವ ಡಬ್ಬಿಯ ಐಡಿಯ ಕೊನೆಗೆ ಕೋಲನ್ ಮತ್ತು 'ಯು' ಅಕ್ಷರ ಸೇರಿಸಿ, 'ಯುಎಸ್‌ಬಿ-ಸ್ಟೋರೇಜ್.ಕ್ವರ್ಕ್ಸ್=' ಜೊತೆ ಬೂಟ್ ವಿಭಾಗದ ಸಿಎಂಡಿಲೈನ್ ಕಡತಕ್ಕೆ ಹಾಕಿದೆ. ಎಲ್ಲವೂ ಇದ್ದ ಒಂದೇ ಸಾಲಿನಲ್ಲಿರಬೇಕು. ಎಂಟರ್ ಒತ್ತಿದರೆ ಹೊಸ ಸಾಲಿನದನ್ನು ಕರ್ನಲ್ ಓದುವುದಿಲ್ಲ. ವೇಗ ಇಳಿಯಿತು, ರೀಸೆಟ್ ನಿಂತವು.

ಕೊನೆಗೆ ಡೇಟಾ ಕೆಟ್ಟಿದೆಯೇ ಎಂದು ನೋಡಬೇಕಿತ್ತು. ಬ್ಯಾಕಪ್ ತೆಗೆಯುವ 'ಪಿಜಿ_ಡಂಪ್‌ಆಲ್' ಎಲ್ಲ ಟೇಬಲ್ ಓದುತ್ತದೆ, ಇಂಡೆಕ್ಸ್‌ಗಳನ್ನಲ್ಲ. ಅವನ್ನು ಪರೀಕ್ಷಿಸಲು ಪೋಸ್ಟ್‌ಗ್ರೆಸ್ 14ನೇ ಆವೃತ್ತಿಯಿಂದ 'ಪಿಜಿ_ಎಎಂಚೆಕ್' ಇದೆ, ಎರಡನ್ನೂ ಓಡಿಸಿದೆ. ರೀಸೆಟ್ ಆದ ಡಿಸ್ಕ್ ಎಸ್‌ಡಿಎ ಹೋಗಿ ಎಸ್‌ಡಿಬಿ ಆಗಿ ಬರಬಹುದಾದ್ದರಿಂದ ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್ ಮಾಡಬೇಕಾದ ಡಿಸ್ಕ್‌ಗಳ ಪಟ್ಟಿ) ಆ ಹೆಸರಿನ ಬದಲು ಯುಯುಐಡಿ ಎಂಬ ಬದಲಾಗದ ಗುರುತು ಬರೆದೆ. ಪೋಸ್ಟ್‌ಗ್ರೆಸ್ ಶುರುಮಾಡುವ ಸಿಸ್ಟಮ್‌ಡಿ ಸರ್ವಿಸ್‌ಗೆ 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಸಾಲು ಸೇರಿಸಿದೆ: ಡಿಸ್ಕ್ ಮೌಂಟ್ ಆಗದಿದ್ದರೆ ಪೋಸ್ಟ್‌ಗ್ರೆಸ್ ಶುರುವಾಗುವುದಿಲ್ಲ.