ಎಸ್ಟೇಟ್ ಆಫೀಸಿನ ಡೆಸ್ಕ್‌ಟಾಪ್ ಮೇಲೆ ವೆಬ್‌ಸೈಟ್‌ಗಳು: ನನ್ನ ಅನುಭವ

ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕದ ಜೊತೆಗೆ ಆಫೀಸಿನ ಕಂಪ್ಯೂಟರ್ ಕೂಡ ನನ್ನ ತಲೆಗೇ ಬಂದಿದೆ. ಅದರಲ್ಲಿ ನಾವು ನೋಡುವ ತಾಣಗಳು ಜಾಸ್ತಿ ಏನಿಲ್ಲ. ಕಾಫಿ ಮಂಡಳಿಯ ದರ, ಮಳೆ, ಪಿಎಫ್, ಮೆಸ್ಕಾಂ ಕರೆಂಟ್ ಬಿಲ್, ಆಗೊಮ್ಮೆ ಈಗೊಮ್ಮೆ ಪಹಣಿ. ಇಷ್ಟಕ್ಕೆ ಪ್ರತಿಸಲ ಗೂಗಲ್‌ನಲ್ಲಿ ತಡಕಾಡುವುದು ಯಾಕೆ ಅಂತ ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೆ ಕೂರಿಸಿದೆ.

ಸಮಯ ಉಳಿಯುವುದು ಸಣ್ಣ ಲಾಭ. ದೊಡ್ಡ ಲಾಭ ಬೇರೆ ಇದೆ. ‘ಪಹಣಿ’ ಅಂತ ಹುಡುಕಿದರೆ ಸರ್ಕಾರದ ‘ಭೂಮಿ’ ತಾಣದ ಜೊತೆ ಯಾರ್ಯಾರದೋ ತಾಣಗಳೂ ಬರುತ್ತವೆ. ಕೆಲವು ಜಾಹೀರಾತು ಕೊಟ್ಟು ಎಲ್ಲರಿಗಿಂತ ಮೇಲೆ ಕೂತಿರುತ್ತವೆ. ಮೊಬೈಲ್ ನಂಬರ್ ಕೇಳುತ್ತವೆ, ದುಡ್ಡೂ ಕೇಳುತ್ತವೆ. ನಮ್ಮ ಸಾಹುಕಾರರಿಗೆ ಎಪ್ಪತ್ತು ದಾಟಿದೆ. ಯಾವುದು ಅಸಲಿ ಅಂತ ದಿನಾ ಪರೀಕ್ಷೆ ಮಾಡಿ ಅಂತ ಅವರಿಗೆ ಹೇಳಕ್ಕಾಗುತ್ತಾ? ವಿಳಾಸದಲ್ಲಿ ತಾಣದ ಹೆಸರಿನ ಭಾಗ (ಒಂಟಿ ಓರೆಗೆರೆಗೆ ಮುಂಚಿನದು) ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಅಂತಲೇ ಮುಗಿಯುತ್ತದಾ ಅಂತ ನಾನೇ ಒಂದು ಸಲ ನೋಡಿ, ಒತ್ತಿದರೆ ಸೀದಾ ಆ ತಾಣ ತೆರೆಯುವ ಶಾರ್ಟ್‌ಕಟ್ ಇಟ್ಟುಬಿಟ್ಟರೆ ಆಯ್ತು. ಆಮೇಲೆ ಅವರು ಅದನ್ನೇ ಒತ್ತುತ್ತಾರೆ.

ಮಾಡುವ ದಾರಿ ಸುಲಭ. ಬ್ರೌಸರ್ ಕಿಟಕಿಯನ್ನು ಸ್ವಲ್ಪ ಚಿಕ್ಕದು ಮಾಡಿ, ಹಿಂದೆ ಡೆಸ್ಕ್‌ಟಾಪ್ ಕಾಣುವ ಹಾಗೆ ಇಟ್ಟುಕೊಳ್ಳಿ. ವಿಳಾಸದ ಎಡಕ್ಕಿರುವ ಬೀಗದ ಅಥವಾ ಗೆರೆಗಳ ಗುರುತನ್ನು ಮೌಸ್‌ನಲ್ಲಿ ಹಿಡಿದು ಡೆಸ್ಕ್‌ಟಾಪ್ ಮೇಲೆ ಎಳೆದು ಬಿಡಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಇದು ನಡೆಯುತ್ತದೆ. ಎಳೆಯುವುದು ಕಷ್ಟ ಅನ್ನುವವರು ಡೆಸ್ಕ್‌ಟಾಪ್ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ, ‘ನ್ಯೂ’ ಒಳಗೆ ‘ಶಾರ್ಟ್‌ಕಟ್’ ಒತ್ತಿ, ವಿಳಾಸ ಅಂಟಿಸಿ ಹೆಸರು ಕೊಟ್ಟರೆ ಸಾಕು.

ಕ್ರೋಮ್‌ನಲ್ಲಿ ಇನ್ನೊಂದು ದಾರಿ ಇದೆ. ಮೇಲೆ ಬಲಗಡೆಯ ಮೂರು ಚುಕ್ಕಿ ಒತ್ತಿ, ‘ಕಾಸ್ಟ್, ಸೇವ್ ಆಂಡ್ ಶೇರ್’ ಒಳಗೆ ಹೋದರೆ ‘ಕ್ರಿಯೇಟ್ ಶಾರ್ಟ್‌ಕಟ್’, ‘ಇನ್‌ಸ್ಟಾಲ್ ಪೇಜ್ ಆಸ್ ಆ್ಯಪ್’ ಅಂತ ಸಿಗುತ್ತವೆ. ಎಡ್ಜ್‌ನಲ್ಲಿ ‘ಇನ್‌ಸ್ಟಾಲ್ ದಿಸ್ ಸೈಟ್ ಆಸ್ ಆ್ಯಪ್’. ಆ್ಯಪ್ ಅಂತ ಹಾಕಿದರೆ ತಾಣ ತನ್ನದೇ ಕಿಟಕಿಯಲ್ಲಿ ತೆರೆಯುತ್ತದೆ, ಮೇಲೆ ಟ್ಯಾಬ್‌ಗಳ ಸಂತೆ ಇರುವುದಿಲ್ಲ. ಕಾಫಿ ದರಕ್ಕೆ ನಾನು ಹೀಗೇ ಮಾಡಿದ್ದೇನೆ. ಮಧ್ಯಾಹ್ನದ ಊಟ ಆಗುವ ಹೊತ್ತಿಗೆ ಲಂಡನ್ನಿನ ರೊಬಸ್ಟಾ ಕಾಫಿ ಮಾರುಕಟ್ಟೆ ತೆರೆಯುತ್ತದೆ. ಸಾಹುಕಾರರು ಲಂಡನ್ ದರ, ನ್ಯೂಯಾರ್ಕಿನ ಅರೇಬಿಕಾ ದರ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂರುತ್ತಾರೆ. ಒಂದು ಟನ್ನಿಗೆ ಡಾಲರ್ ಲೆಕ್ಕ, ಇನ್ನೊಂದು ಪೌಂಡ್ ತೂಕಕ್ಕೆ ಸೆಂಟ್ ಲೆಕ್ಕ. ಅದು ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಗೆ ಎಷ್ಟು ಬಿತ್ತು ಅಂತ ಕೂಡಿ ಕಳೆಯುವ ಕೆಲಸ ಮಾತ್ರ ನನ್ನದು.

ಹೆಸರಿನ ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಂಡೆ. ತಾನಾಗಿ ಬರುವ ಹೆಸರು ಉದ್ದುದ್ದ ಇಂಗ್ಲಿಷ್, ಅರ್ಧಕ್ಕೇ ಕತ್ತರಿಸಿ ಹೋಗಿರುತ್ತದೆ. ಎಫ್2 ಒತ್ತಿ ಕನ್ನಡದಲ್ಲೇ ಬರೆಯಬಹುದು, ವಿಂಡೋಸ್ ತಕರಾರು ಮಾಡುವುದಿಲ್ಲ. ಪಿಎಫ್‌ಗೆ ಎರಡು ತಾಣ: ಮಾಲೀಕರು ಚಲನ್ ಮಾಡುವುದು ಒಂದು, ಕೆಲಸಗಾರರು ತಮ್ಮ ಖಾತೆ ನೋಡುವುದು ಇನ್ನೊಂದು. ನೋಡಲು ಒಂದೇ ಥರ. ಹಾಗಾಗಿ ‘ಪಿಎಫ್ ಚಲನ್ 15ರ ಒಳಗೆ’, ‘ಪಿಎಫ್ ಆಳುಗಳದ್ದು’ ಅಂತ ಬರೆದೆ. ಕೊನೆ ದಿನ ಹೆಸರಲ್ಲೇ ಇದ್ದರೆ ನನಗೂ ಒಳ್ಳೆಯದು. ಕೆಲಸಗಾರರ ಲೈನ್ ಮನೆ ಜಾಗದ ಪಂಚಾಯಿತಿ ದಾಖಲೆಗೆ ನಮೂನೆ ನಂಬರ್ ಸೇರಿಸಿ ‘ಇ-ಸ್ವತ್ತು 9/11’ ಅಂತ ಬರೆಯಲು ಹೋದರೆ ಮಾತ್ರ ವಿಂಡೋಸ್ ಬಿಡಲಿಲ್ಲ. ಫೈಲ್ ಹೆಸರಲ್ಲಿ ಓರೆಗೆರೆ, ಪ್ರಶ್ನೆ ಚಿಹ್ನೆ, ಕೋಲನ್ ಇವೆಲ್ಲ ನಡೆಯುವುದಿಲ್ಲ. ‘9-11’ ಅಂತ ಅಡ್ಡಗೆರೆ ಹಾಕಿದರೆ ಆಗುತ್ತದೆ.

ಎಳೆದು ಹಾಕಿದ ಶಾರ್ಟ್‌ಕಟ್‌ಗಳಿಗೆ ಸಾಮಾನ್ಯವಾಗಿ ಬ್ರೌಸರ್‌ನದೇ ಚಿತ್ರ ಬರುತ್ತದೆ. ಸಾಲಾಗಿ ಒಂದೇ ಚಿತ್ರ ಇದ್ದರೆ ಕನ್ನಡಕ ಹುಡುಕಬೇಕು. ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ಗೆ ಹೋದರೆ ‘ಚೇಂಜ್ ಐಕಾನ್’ ಇದೆ. ವಿಂಡೋಸ್‌ನದೇ ಚಿತ್ರಗಳಲ್ಲಿ ಒಂದು ಮರ ಸಿಕ್ಕಿತು, ಪಹಣಿಗೆ ಅದನ್ನೇ ಕೊಟ್ಟೆ. ಅಲ್ಲೇ ‘ಶಾರ್ಟ್‌ಕಟ್ ಕೀ’ ಅಂತಲೂ ಇದೆ. ಅದರಲ್ಲಿ ಒಂದು ಅಕ್ಷರ ಒತ್ತಿಟ್ಟರೆ ಮುಂದೆ ಕಂಟ್ರೋಲ್, ಆಲ್ಟ್ ಜೊತೆ ಆ ಅಕ್ಷರ ಒತ್ತಿದರೆ ತಾಣ ತೆರೆಯುತ್ತದೆ. ನಾನು ಮಳೆಗೆ ಎಂ ಇಟ್ಟಿದ್ದೇನೆ. ಕಾಫಿ ಹೂ ಅರಳಿಸುವ ಹೂಮಳೆ ಕಾಯುವ ಫೆಬ್ರವರಿ, ಮಾರ್ಚ್‌ನಲ್ಲಿ ಆ ಕೀಲಿ ಸವೆಯುವುದೊಂದು ಬಾಕಿ. ಸರ್ಕಾರಿ ಲೆಕ್ಕ ಮಿಲಿಮೀಟರ್‌ನಲ್ಲಿ, ಸಾಹುಕಾರರ ಲೆಕ್ಕ ಇಂಚು, ಸೆಂಟ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ). ಅದಕ್ಕೇ ಶಾರ್ಟ್‌ಕಟ್ ಹೆಸರು ‘ಮಳೆ, 25.4ರಿಂದ ಭಾಗಿಸಿ’.

ಲಾಗಿನ್ ಆದ ಮೇಲೆ ಬರುವ ಪುಟಕ್ಕೆ ಶಾರ್ಟ್‌ಕಟ್ ಮಾಡಬೇಡಿ. ನಾಳೆ ಒತ್ತಿದರೆ ‘ಸೆಷನ್ ಮುಗಿದಿದೆ’ ಅಂತ ಬರುವ ಸಾಧ್ಯತೆಯೇ ಜಾಸ್ತಿ. ಲಾಗಿನ್ ಕೇಳುವ ಮೊದಲ ಪುಟವನ್ನೇ ಹಿಡಿಯಿರಿ. ತಾಣದವರು ವಿಳಾಸ ಬದಲಿಸಿದರೂ ಶಾರ್ಟ್‌ಕಟ್ ಸಾಯುತ್ತದೆ. ಆಗ ಪ್ರಾಪರ್ಟೀಸ್‌ನಲ್ಲಿ ಹೊಸ ವಿಳಾಸ ಅಂಟಿಸಿದರೆ ಮತ್ತೆ ಸರಿಯಾಗುತ್ತದೆ, ಹೆಸರು ಹಾಗೇ ಉಳಿಯುತ್ತದೆ.

ಜುಲೈ ಮಳೆಯಲ್ಲಿ ನೆಟ್ ಹೋದರೆ ಇದ್ಯಾವುದೂ ತೆರೆಯುವುದಿಲ್ಲ. ‘ಇಲ್ಲೇ ಇದೆಯಲ್ಲಪ್ಪಾ, ಯಾಕೆ ಬರಲ್ಲ?’ ಅಂತ ಸಾಹುಕಾರರು ಕೇಳುತ್ತಾರೆ. ಶಾರ್ಟ್‌ಕಟ್‌ನಲ್ಲಿ ಇರುವುದು ವಿಳಾಸ ಮಾತ್ರ, ಪುಟ ಅಲ್ಲ. ಅದಕ್ಕೇ ಮಳೆಗಾಲದಲ್ಲಿ ಪಹಣಿ, ಬಿಲ್ ನೋಡಿದಾಗಲೇ ಪ್ರಿಂಟ್ ಕೊಟ್ಟು ಪಿಡಿಎಫ್ ಆಗಿ ಉಳಿಸಿಡುತ್ತೇನೆ.

ಕಂಪ್ಯೂಟರ್ ಬದಲಾಯಿಸುವವರಿಗೆ ಇನ್ನೊಂದು ವಿಷಯ. ಎಳೆದು ಹಾಕಿದವು ಬರೀ ಪುಟ್ಟ ಫೈಲ್‌ಗಳು. ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಹೊಸದರಲ್ಲಿ ಹಾಕಿದರೆ ಹಾಗೇ ಕೆಲಸ ಮಾಡುತ್ತವೆ. ಆ್ಯಪ್ ಅಂತ ಹಾಕಿದವನ್ನು ಮಾತ್ರ ಅಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಬೇಕು.