ಕೊಂಗ್ಸ್‌ಫ್ಯೋರ್ಡ್‌ನ ತಣ್ಣೀರಿನಲ್ಲಿ ವೈರಸ್‌ಗಳ ಬಗೆ ಹುಡುಕಿದ್ದು

ಧ್ರುವದ ಕಡಲಿನ ವೈರಸ್‌ಗಳ ಮೇಲೆ ಕೆಲಸ ಮಾಡ್ತೀನಿ ಅಂದರೆ ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ. ಅಮ್ಮನೂ ಅದನ್ನೇ ಕೇಳಿದ್ದರು: "ಅದು ನಿನಗೆ ಅಂಟಲ್ವಾ?" ಅಂಟಲ್ಲ. ಇವುಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಾಕ್ಕೆ ಹತ್ತುವ ವೈರಸ್‌ಗಳು, ಅಂದರೆ ಫೇಜ್‌ಗಳು. ಉಳಿದವುಗಳಲ್ಲಿ ಹೆಚ್ಚಿನವು ಸೂಕ್ಷ್ಮ ಪಾಚಿಗಳನ್ನು ಹಿಡಿಯುತ್ತವೆ. ಸಮುದ್ರದ ಸೂಕ್ಷ್ಮಜೀವಿಗಳಲ್ಲಿ ಸುಮಾರು 20% ಪ್ರತಿದಿನ ಇವುಗಳಿಂದಲೇ ಸಾಯುತ್ತವೆ ಅನ್ನುವ ಅಂದಾಜಿದೆ. ಜೀವಕೋಶ ಒಡೆದಾಗ ಒಳಗಿನ ಇಂಗಾಲ, ಸಾರಜನಕ, ಕಬ್ಬಿಣ ಎಲ್ಲ ನೀರಿಗೆ ಬರುತ್ತವೆ. ಅದನ್ನು ಬೇರೆ ಬ್ಯಾಕ್ಟೀರಿಯಾ ತಿನ್ನುತ್ತವೆ. ಮೀನಿನವರೆಗೆ ಹೋಗಬೇಕಿದ್ದ ಆಹಾರದ ಒಂದು ಪಾಲು ಹೀಗೆ ಕೆಳಗೇ ಸುತ್ತುತ್ತಿರುತ್ತದೆ. ಆರ್ಕ್‌ಟಿಕ್ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ನನ್ನನ್ನು ಈ ಕಡೆ ಎಳೆದದ್ದು 2019ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ. ತಾರಾ ಅನ್ನುವ ಹಾಯಿಹಡಗು 2013ರಲ್ಲಿ ಆರ್ಕ್‌ಟಿಕ್ ಸಾಗರವನ್ನು ಸುತ್ತಿ ನೀರು ತಂದಿತ್ತು. ಅದನ್ನು ಬೇರೆ ಕಡಲುಗಳ ನೀರಿನ ಜೊತೆ ಇಟ್ಟು ನೋಡಿದಾಗ, 145 ಮಾದರಿಗಳಲ್ಲಿ 1,95,728 ವೈರಸ್ ಗುಂಪುಗಳು ಸಿಕ್ಕವು. ಅದಕ್ಕೆ ಮುಂಚೆ ಗೊತ್ತಿದ್ದ ಪಟ್ಟಿಗಿಂತ ಇದು ಹನ್ನೆರಡು ಪಟ್ಟಿಗೂ ಜಾಸ್ತಿ. ಇಡೀ ಸಾಗರ ವೈರಸ್‌ಗಳ ಲೆಕ್ಕದಲ್ಲಿ ಐದು ವಲಯಗಳಾಗಿ ಬೇರೆಯಾಯಿತು. ಅದರಲ್ಲಿ ಆರ್ಕ್‌ಟಿಕ್ ಒಂದು, ಅಂಟಾರ್ಕ್‌ಟಿಕ್ ಇನ್ನೊಂದು. ನೆಲದ ಮೇಲೆ ಧ್ರುವದ ಕಡೆ ಹೋದಂತೆ ಗಿಡ, ಪ್ರಾಣಿಗಳ ಬಗೆ ಕಡಿಮೆಯಾಗುತ್ತಾ ಹೋಗುತ್ತದೆ. ವೈರಸ್‌ಗಳಲ್ಲಿ ಹಾಗಾಗಲಿಲ್ಲ. ಆರ್ಕ್‌ಟಿಕ್‌ನಲ್ಲಿ ಬಗೆಗಳು ತುಂಬಿಕೊಂಡಿದ್ದವು. ಅಂಟಾರ್ಕ್‌ಟಿಕ್‌ನಲ್ಲಿ ಅಷ್ಟಿರಲಿಲ್ಲ. ಎರಡೂ ತಣ್ಣಗೇ ಇದ್ದರೂ ಒಂದೇ ಥರ ಅಲ್ಲ.

ನಾನು ನೀರು ತೆಗೆದದ್ದು ನಾರ್ವೆಯ ಉತ್ತರಕ್ಕಿರುವ ಸ್ವಾಲ್ಬಾರ್ಡ್ ದ್ವೀಪಗಳ ಕೊಂಗ್ಸ್‌ಫ್ಯೋರ್ಡ್‌ನಲ್ಲಿ. ಫ್ಯೋರ್ಡ್ ಅಂದರೆ ನೆಲದೊಳಗೆ ಚಾಚಿದ ಕಡಲಿನ ಉದ್ದ ಕೊಲ್ಲಿ. ಅದರ ದಡದಲ್ಲೇ ನ್ಯೂ-ಓಲೆಸುಂಡ್ ಅನ್ನುವ ಸಂಶೋಧಕರ ಊರು ಇದೆ. ಭಾರತದ ಹಿಮಾದ್ರಿ ಸಂಶೋಧನಾ ನೆಲೆ 2008ರಿಂದ ಅಲ್ಲಿದೆ. ವೈರಸ್ ಕೆಲಸಕ್ಕೆ ಈ ಜಾಗ ಯಾಕೆ ಚೆನ್ನ ಅಂದರೆ, ಒಂದೇ ಫ್ಯೋರ್ಡ್‌ನಲ್ಲಿ ಎರಡು ಲೋಕದ ನೀರು ಸೇರುತ್ತದೆ. ಬಾಯಿಯ ಕಡೆಯಿಂದ ಅಟ್ಲಾಂಟಿಕ್‌ನ ಸ್ವಲ್ಪ ಬೆಚ್ಚಗಿನ, ಜಾಸ್ತಿ ಉಪ್ಪಿನ ನೀರು ಒಳಗೆ ಬರುತ್ತದೆ. ಒಳತುದಿಯಲ್ಲಿ ಕ್ರೋನೆಬ್ರೀನ್‌ನಂಥ ಹಿಮನದಿಗಳು ನೇರ ಕಡಲಿಗೆ ಇಳಿಯುತ್ತವೆ. ದೋಣಿಯಲ್ಲಿ ಕೆಲವು ಕಿಲೋಮೀಟರ್ ಹೋದರೆ ಸಾಕು, ಬೇರೆಯದೇ ನೀರು.

ಬೇಸಿಗೆಯಲ್ಲಿ ಹಿಮನದಿಯ ಹತ್ತಿರದ ಮೇಲ್ನೀರು ಕೆಂಪು-ಕಂದು. ಕಲ್ಲು ಅರೆದು ಬಂದ ನುಣ್ಣನೆ ಮಣ್ಣು ಅದು. ನೋಡಲು ಚೆಂದ, ಫಿಲ್ಟರ್‌ಗೆ ಕಂಟಕ. ಫಿಲ್ಟರ್ ಬೇಕಿರುವುದು ಬ್ಯಾಕ್ಟೀರಿಯಾವನ್ನು ಮೇಲೆ ತಡೆದು ವೈರಸ್‌ಗಳನ್ನು ಕೆಳಗೆ ಬಿಡಲು. ಹೊರಗಿನ ನೀರು ಸಲೀಸಾಗಿ ಇಳಿಯುವ ಕಡೆ ಇದು ಬೇಗನೆ ಕಟ್ಟಿಕೊಳ್ಳುತ್ತದೆ. ಒತ್ತಡ ಹೆಚ್ಚಿಸಿ ನೂಕಬಾರದು. ನೂಕಿದರೆ ಜೀವಕೋಶಗಳು ಒಡೆದು ಅವುಗಳ ಡಿಎನ್‌ಎ ಎಲ್ಲ ವೈರಸ್ ಪಾಲಿಗೆ ಬೆರೆಯುತ್ತದೆ. ಮೊದಲು ದಪ್ಪ ಕಣ್ಣಿನ ಫಿಲ್ಟರ್, ಆಮೇಲೆ 0.22 ಮೈಕ್ರಾನ್, ನಡುನಡುವೆ ಹೊಸ ಹಾಳೆ, ಕಡಿಮೆ ಒತ್ತಡ. ತಾಳ್ಮೆಯೇ ಇಲ್ಲಿ ಅರ್ಧ ಕೆಲಸ. ಬಳಸಿದ 0.22 ಫಿಲ್ಟರನ್ನು ಎಸೆಯದೆ ಫ್ರೀಜ್ ಮಾಡಿ ಇಡಿ ಅಂತ ಎಲ್ಲರಿಗೂ ಹೇಳ್ತೀನಿ. ಪಾಚಿಗಳನ್ನು ಹಿಡಿಯುವ ದೈತ್ಯ ವೈರಸ್‌ಗಳು ಆ ಕಣ್ಣಿನಲ್ಲಿ ತೂರುವುದಿಲ್ಲ, ಮೇಲೇ ಉಳಿಯುತ್ತವೆ. ಕೆಳಗಿನ ನೀರಿನ ಡಿಎನ್‌ಎಯನ್ನಷ್ಟೇ ಓದಿದರೆ ಅವು ಇಲ್ಲವೇ ಇಲ್ಲ ಅನ್ನಿಸುತ್ತದೆ.

ಕೆಳಗೆ ಇಳಿದ ನೀರಿನಲ್ಲಿ ವೈರಸ್‌ಗಳು ಹರಡಿಕೊಂಡಿರುತ್ತವೆ. ಅವನ್ನು ಒಟ್ಟು ಮಾಡಲು ಫೆರಿಕ್ ಕ್ಲೋರೈಡ್ ಬಳಸ್ತೀನಿ. 20 ಲೀಟರ್ ಕ್ಯಾನಿಗೆ ಒಟ್ಟು 20 ಮಿಲಿಗ್ರಾಂ ಕಬ್ಬಿಣ ಸೇರುವ ಹಾಗೆ ಹಾಕಿ, ಚೆನ್ನಾಗಿ ಕುಲುಕಿ, ಒಂದು ಗಂಟೆ ಸುಮ್ನೆ ಬಿಡಬೇಕು. ಕಬ್ಬಿಣ ಸಣ್ಣ ಸಣ್ಣ ಚೂರುಗಳಾಗಿ ಕೂಡಿಕೊಳ್ಳುತ್ತದೆ, ವೈರಸ್‌ಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಆಮೇಲೆ 1 ಮೈಕ್ರಾನ್‌ನ ಪಾಲಿಕಾರ್ಬೊನೇಟ್ ಫಿಲ್ಟರ್‌ನಲ್ಲಿ ಶೋಧಿಸಿದರೆ ಹಾಳೆಯ ಮೇಲೆ ತುಕ್ಕಿನ ಬಣ್ಣದ ತೆಳು ಪದರ ಉಳಿಯುತ್ತದೆ. ಅದನ್ನು ಮಡಿಸಿ ಸಣ್ಣ ಟ್ಯೂಬಿಗೆ ಹಾಕಿ 4 ಡಿಗ್ರಿಯಲ್ಲಿ ಕತ್ತಲಲ್ಲಿ ಇಟ್ಟರೆ ಊರಿನವರೆಗೆ ಜೋಪಾನವಾಗಿ ಬರುತ್ತದೆ. ಕ್ಯಾನುಗಟ್ಟಲೆ ನೀರು ವಿಮಾನದಲ್ಲಿ ಹೊರುವ ಮಾತೇ ಇಲ್ಲ.

ಲ್ಯಾಬಿನಲ್ಲಿ ಆ ಪದರವನ್ನು ಆಸ್ಕಾರ್ಬಿಕ್ ಆಮ್ಲ, ಇಡಿಟಿಎ ಇರುವ ಬಫರ್‌ನಲ್ಲಿ ರಾತ್ರಿಯಿಡೀ ನಿಧಾನಕ್ಕೆ ತಿರುಗಿಸ್ತೀನಿ. ಕಬ್ಬಿಣ ಕರಗುತ್ತದೆ, ವೈರಸ್ ಬಿಡುಗಡೆಯಾಗುತ್ತದೆ. ಬಫರ್ ಅವತ್ತೇ ಮಾಡಿದ್ದಾಗಿರಬೇಕು, ಹಳೆಯದು ಕೆಲಸಕ್ಕೆ ಬಾರದು. ಆಮೇಲೆ ಡಿಎನ್‌ಏಸ್ ಹಾಕಿ ಹೊರಗೆ ತೇಲುವ ಡಿಎನ್‌ಎ ಎಲ್ಲವನ್ನೂ ಕತ್ತರಿಸಬೇಕು. ವೈರಸ್‌ನ ಡಿಎನ್‌ಎಗೆ ಕವಚದ ರಕ್ಷಣೆ ಇರುತ್ತದೆ, ಉಳಿದದ್ದಕ್ಕಿಲ್ಲ. ಈ ಹಂತ ಆದ ಮೇಲೇ ಕವಚ ಒಡೆಯುವುದು. ಕೊನೆಗೆ ಕೈಗೆ ಸಿಗುವುದು ನ್ಯಾನೋಗ್ರಾಂಗಳಲ್ಲಿ. ಅಷ್ಟನ್ನು ಹೆಚ್ಚಿಸಲು ಎಂಡಿಎ ವಿಧಾನ ಸುಲಭ, ಆದರೆ ಅದು ಸಣ್ಣ ಉಂಗುರದಂಥ ಒಂಟಿ ಎಳೆಯ ಡಿಎನ್‌ಎಯನ್ನೇ ಎತ್ತಿ ತೋರಿಸುತ್ತದೆ. ಬಗೆಗಳ ಲೆಕ್ಕ ಬೇಕಾದವರು ಅದರ ಸಹವಾಸ ಬಿಡುವುದೇ ಒಳ್ಳೇದು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ವೈರಸ್‌ಗಳನ್ನು ಎಣಿಸುವುದು ಕಷ್ಟ ಅಲ್ಲ. ಸೈಬರ್ ಗೋಲ್ಡ್ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹಸಿರು ಚುಕ್ಕಿಗಳು ತುಂಬಿರುತ್ತವೆ. ಆದರೆ ಚುಕ್ಕಿ ನೋಡಿ ಇದು ಯಾವುದು ಅಂತ ಹೇಳಲಾಗದು. ಬಗೆ ತಿಳಿಯಲು ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ ಓದಲೇಬೇಕು. ಅಲ್ಲೇ ತೊಡಕು. ಸೀಕ್ವೆನ್ಸಿಂಗ್ ಯಂತ್ರ ಕೊಡುವುದು ಸಣ್ಣ ತುಂಡುಗಳನ್ನು. ತುಂಬಾ ಹತ್ತಿರದ ಸಂಬಂಧಿ ವೈರಸ್‌ಗಳು ಒಟ್ಟಿಗೆ ಇದ್ದರೆ ಜೋಡಣೆ ಮುರಿದುಬೀಳುತ್ತದೆ. ಒಂದೇ ಪ್ರೆಸ್ಸಿನಲ್ಲಿ ಅಚ್ಚಾದ ನೂರು ಲಗ್ನಪತ್ರಿಕೆಗಳನ್ನು ಹರಿದು ಬೆರೆಸಿದ ಹಾಗೆ. "ತಮ್ಮ ಆಗಮನಾಭಿಲಾಷಿಗಳು" ಎಲ್ಲದರಲ್ಲೂ ಇದೆ, ಯಾವ ಚೂರು ಯಾವ ಮದುವೆಯದು? ಹಾಗಾಗಿ ಅತಿ ಹೆಚ್ಚು ಒಳಭೇದ ಇರುವ ವೈರಸ್‌ಗಳೇ ಪಟ್ಟಿಯಿಂದ ಬಿಟ್ಟುಹೋಗುತ್ತವೆ. 2017ರಲ್ಲಿ ಸ್ಪೇನ್‌ನ ವಿಜ್ಞಾನಿಗಳು ಒಂದೊಂದೇ ವೈರಸ್ಸನ್ನು ಬಿಡಿಸಿ ಓದಿದಾಗ 37-ಎಫ್6 ಅನ್ನುವುದು ಸಿಕ್ಕಿತು. ಅದು ಸಾಗರದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ವೈರಸ್‌ಗಳಲ್ಲೊಂದು. ಅಷ್ಟು ಇದ್ದರೂ ಹಳೆಯ ವಿಧಾನದ ಕಣ್ಣಿಗೆ ಬಿದ್ದಿರಲಿಲ್ಲ.

ಅದಕ್ಕೇ ನಾನು ಸಣ್ಣ ತುಂಡುಗಳ ಜೊತೆ ನ್ಯಾನೋಪೋರ್ ಅನ್ನುವ ಇನ್ನೊಂದು ಬಗೆಯ ಯಂತ್ರದ ಉದ್ದ ತುಂಡುಗಳನ್ನೂ ಸೇರಿಸಿ ಜೋಡಿಸ್ತೀನಿ. ಗುಂಪು ಮಾಡುವಾಗ ಡಿಎನ್‌ಎ 95% ಹೋಲಿದರೆ ಒಂದೇ ಗುಂಪು ಅನ್ನುವ ಗೆರೆ ಎಲ್ಲರೂ ಬಳಸುವಂಥದ್ದು, ನಾನೂ ಬಳಸ್ತೀನಿ. ಆದರೆ ಅಲ್ಲಿಗೆ ನಿಲ್ಲಿಸಬಾರದು. ಒಂದು ಗುಂಪಿನ ಒಳಗೆ ಡಿಎನ್‌ಎಯ ಅಕ್ಷರಗಳು ಎಷ್ಟು ಬದಲಾಗುತ್ತಿವೆ, ಯಾವ ಜೀನ್‌ನಲ್ಲಿ ಬದಲಾಗುತ್ತಿವೆ ಅಂತ ನೋಡಬೇಕು. ನನ್ನ ಮಾದರಿಗಳಲ್ಲಿ ಬಾಯಿಯ ನೀರಿಗೂ ಹಿಮನದಿಯ ನೀರಿಗೂ ಇರುವ ವ್ಯತ್ಯಾಸ ಗುಂಪುಗಳ ಪಟ್ಟಿಗಿಂತ ಈ ಒಳಭೇದದಲ್ಲೇ ಚೆನ್ನಾಗಿ ಕಂಡಿತು. ಫೇಜ್‌ನ ಬಾಲದ ನಾರಿನ ಜೀನ್‌ಗಳನ್ನು ನಾನು ಯಾವಾಗಲೂ ಬೇರೆಯಾಗಿ ತೆಗೆದು ನೋಡ್ತೀನಿ. ಬ್ಯಾಕ್ಟೀರಿಯಾದ ಮೈಮೇಲೆ ಮೊದಲು ಹಿಡಿತ ಸಿಗುವುದು ಅದರಿಂದಲೇ ಅಲ್ವಾ?

ಸಿಕ್ಕಿದ ಜೀನ್‌ಗಳಲ್ಲಿ ಬಹುಪಾಲಿಗೆ ಯಾವ ಡೇಟಾಬೇಸ್‌ನಲ್ಲೂ ಜೊತೆ ಸಿಗುವುದಿಲ್ಲ. ಸಿಕ್ಕ ಕೆಲವಂತೂ ರೋಮಾಂಚನ. ಅಲಾಸ್ಕಾದ ಉಟ್ಕಿಯಾಗ್ವಿಕ್ ಹತ್ತಿರ, ಹೆಪ್ಪುಗಟ್ಟಿದ ನೆಲದೊಳಗೆ ಸೊನ್ನೆಗಿಂತ ಕೆಳಗಿನ ಉಪ್ಪುನೀರಿನಲ್ಲಿ ಸಿಕ್ಕ ವೈರಸ್‌ಗಳು ಕೊಬ್ಬಿನಾಮ್ಲ ಬದಲಿಸುವ ಜೀನ್ ಹೊತ್ತಿದ್ದವು. ಚಳಿಗೆ ಬ್ಯಾಕ್ಟೀರಿಯಾದ ಪೊರೆ ಗಟ್ಟಿಯಾಗದಂತೆ ಅದು ನೆರವಾಗುತ್ತಿರಬಹುದು. ಹಿಡಿದ ಜೀವವನ್ನು ಕೊಲ್ಲುವ ತನಕ ಉಳಿಸಿಕೊಳ್ಳಲೂ ವೈರಸ್‌ಗೆ ಜೀನ್ ಬೇಕು.

ಈಗ ನನಗೆ ಬೇಕಿರುವುದು ಚಳಿಗಾಲದ ನೀರು. ಧ್ರುವದ ಮಾದರಿಗಳಲ್ಲಿ ಹೆಚ್ಚಿನವು ಬೇಸಿಗೆಯವು. ಅಂಟಾರ್ಕ್‌ಟಿಕ್ ಪರ್ಯಾಯದ್ವೀಪದ ಪಶ್ಚಿಮ ಕರಾವಳಿಯಲ್ಲಿ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಆಹಾರ ಕಡಿಮೆ ಇರುವ ಕಾಲದಲ್ಲಿ ಅಲ್ಲಿನ ವೈರಸ್‌ಗಳು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದರ ಜೀನೋಮಿನೊಳಗೇ ಕೂತಿರುತ್ತವೆ, ಬೇಸಿಗೆಯಲ್ಲಿ ಪಾಚಿ ಹೆಚ್ಚಿದಾಗ ಕೊಲ್ಲುವ ದಾರಿ ಹಿಡಿಯುತ್ತವೆ ಅಂತ ಅದು ತೋರಿಸಿತು. ಹಾಗೆ ಒಳಗೆ ಕೂತವು 0.22 ಫಿಲ್ಟರ್‌ನ ಕೆಳಗೆ ಬರುವುದೇ ಇಲ್ಲ. ಬೇಸಿಗೆಯಲ್ಲಿ ಮಾತ್ರ ಹೋದವರಿಗೆ ಅರ್ಧ ವರ್ಷದ ಬದುಕು ಕಾಣುವುದಿಲ್ಲ. ಭಾರತದ ಮೊದಲ ಚಳಿಗಾಲದ ಆರ್ಕ್‌ಟಿಕ್ ತಂಡ 2023ರ ಡಿಸೆಂಬರ್‌ನಲ್ಲಿ ಹಿಮಾದ್ರಿಗೆ ಹೊರಟಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಕತ್ತಲಿನ ಕಾಲದ ನೀರಿಗೆ ನಾನು ಹಾಕಿಕೊಂಡಿರುವ ಲೆಕ್ಕ ಹೀಗಿದೆ: ನೀರು ಜಾಸ್ತಿ ತೆಗೆಯಬೇಕು, ಬ್ಯಾಕ್ಟೀರಿಯಾದ ಪಾಲನ್ನೂ ಪೂರ್ತಿ ಓದಬೇಕು. ಜೊತೆಗೆ ಅದೇ ನೀರನ್ನು ಎರಡು ಪಾಲು ಮಾಡಿ ಒಂದಕ್ಕೆ ಅಡಗಿದ ವೈರಸ್‌ಗಳನ್ನು ಎಬ್ಬಿಸುವ ಮೈಟೋಮೈಸಿನ್ ಸಿ ಹಾಕಬೇಕು. ಅದರಲ್ಲಿ ಮಾತ್ರ ವೈರಸ್ ಎಣಿಕೆ ಏರಿದರೆ, ಒಳಗೆ ಅಡಗಿ ಕೂತಿದ್ದವು ಹೊರಗೆ ಬಂದವು ಅಂತ ಲೆಕ್ಕ. ಅವನ್ನೂ ಹಿಡಿದು ಓದಬೇಕು.